ಕೊಸರು ಯಾರ ಚೀಲಕ್ಕೆ?

ತಳಿ ಊರಿನ ಪೇಟೆ ಬೀದಿಯಲ್ಲಿ ಆಗ ನಾವು ಹೋಗುತ್ತಿದ್ದ ದಿನಸಿ ಅಂಗಡಿಗಳು ಎರಡು. ಒಂದರ ಯಜಮಾನ ಹುರುಳಿಯನ್ನು ಪಡಿಯಲ್ಲಿ ಅಳೆದು ಹಾಕಿದ ಮೇಲೆ, ಕೇಳದೆಯೇ ಒಂದು ಹಿಡಿ ಕೊಸರು ಚೀಲಕ್ಕೆ ಸುರಿಯುತ್ತಿದ್ದ. ಇನ್ನೊಬ್ಬ ಕೊಸರು ಹಾಕುತ್ತಿರಲಿಲ್ಲ. ಸಾಮಾನು ಕಟ್ಟಿಕೊಡುವಾಗ ನನ್ನ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಡುತ್ತಿದ್ದ. ನನಗಾಗ ಏಳೋ ಎಂಟೋ ವರ್ಷ. ಅಮ್ಮ ದುಡ್ಡು ಕೊಟ್ಟು ಕಳಿಸಿದಾಗಲೆಲ್ಲ ಕಾಲು ಬೆಲ್ಲದ ಅಂಗಡಿಗೇ ಎಳೆಯುತ್ತಿತ್ತು. ಒಂದು ಸಂಜೆ ಅಮ್ಮ ಯಾಕೋ ಚೀಲದ ಹುರುಳಿಯನ್ನು ಮನೆಯ ಪಡಿಯಲ್ಲಿ ಮತ್ತೆ ಅಳೆದಳು. ಪಡಿ ತುಂಬಲಿಲ್ಲ. ಅವಳು ನನ್ನ ಮುಖ ನೋಡಿದಳು. ಬಾಯಿಯ ಮೂಲೆಯಲ್ಲಿ ಬೆಲ್ಲ ಅಂಟಿಕೊಂಡಿತ್ತು.

ಆ ಬೆಲ್ಲ ನನಗೆ ಮತ್ತೆ ನೆನಪಾದದ್ದು ಐವತ್ತು ವರ್ಷದ ಮೇಲೆ, ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ. ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ನಾನು ಟೂರ್ ಬಿಲ್ಲುಗಳನ್ನು ಪಾಸ್ ಮಾಡುತ್ತಿದ್ದೆ. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಒಂದು ಬಿಲ್ಲು ಬಂತು: ಕೊಯಮತ್ತೂರಿನ ಫೌಂಡ್ರಿಯೊಂದಕ್ಕೆ ಹೋಗಿಬಂದ ಖರ್ಚು. ಹೊಸೂರಿನಿಂದ ದೇವನಹಳ್ಳಿಗೆ ಟ್ಯಾಕ್ಸಿ, ಅಲ್ಲಿಂದ ಕೊಯಮತ್ತೂರಿಗೆ ವಿಮಾನ, ವಾಪಸು ವಿಮಾನ, ದೇವನಹಳ್ಳಿಯಿಂದ ಹೊಸೂರಿಗೆ ಮತ್ತೆ ಟ್ಯಾಕ್ಸಿ. ಕೊಯಮತ್ತೂರು ಇರುವುದು ಹೊಸೂರಿನ ದಕ್ಷಿಣಕ್ಕೆ. ಈ ಮನುಷ್ಯ ಮೊದಲು ಉತ್ತರಕ್ಕೆ ಸುಮಾರು ಎಪ್ಪತ್ತೈದು ಕಿಲೋಮೀಟರ್, ಅತ್ತಿಬೆಲೆ, ಸಿಲ್ಕ್ ಬೋರ್ಡ್, ಹೆಬ್ಬಾಳದ ದಟ್ಟಣೆಯಲ್ಲಿ ತೆವಳಿಕೊಂಡು ಹೋಗಿ, ವಿಮಾನ ಹತ್ತಿ, ಬಂದ ದಿಕ್ಕಿಗೇ ತಿರುಗಿದ್ದರು. ಹೊಸೂರು ಸ್ಟೇಷನ್ನಿನಲ್ಲಿ ಬೆಳಗಿನ ಎರ್ನಾಕುಲಂ ಇಂಟರ್‌ಸಿಟಿ ನಿಲ್ಲುತ್ತದೆ. 2023ರ ಡಿಸೆಂಬರ್ 30ರಂದು ಉದ್ಘಾಟನೆಯಾದ ಕೊಯಮತ್ತೂರು–ಬೆಂಗಳೂರು ವಂದೇ ಭಾರತ್ ಕೂಡ ನಿಲ್ಲುತ್ತದೆ. ವಂದೇ ಭಾರತ್‌ನಲ್ಲಿ ಹೊಸೂರಿನಿಂದ ಕೊಯಮತ್ತೂರಿಗೆ ಸುಮಾರು ಐದು ಗಂಟೆಯ ದಾರಿ. ಟ್ಯಾಕ್ಸಿ, ಚೆಕ್-ಇನ್, ಕಾಯುವುದು, ಹಾರುವುದು, ಇಳಿದು ಊರೊಳಗೆ ಹೋಗುವುದು ಎಲ್ಲ ಕೂಡಿದರೆ ವಿಮಾನದ ದಾರಿಗೂ ಅಷ್ಟೇ ಹೊತ್ತು ಬೇಕು. ದುಡ್ಡು ಮಾತ್ರ ಹಲವು ಪಟ್ಟು.

ನಾನು ಕರೆದು ಕೇಳಿದೆ. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಗಟ್ಟಿ, ಮರೆಮಾಚುವ ಸ್ವಭಾವದವರಲ್ಲ. ‘ಸಾರ್, ಇನ್ನೆರಡು ಸೆಕ್ಟರ್ ಹಾರಿದ್ರೆ ನಂಗೆ ಏರ್‌ಲೈನ್ಸಿನ ಗೋಲ್ಡ್ ಕಾರ್ಡ್ ಬರುತ್ತೆ. ಆಮೇಲೆ ಅಪ್‌ಗ್ರೇಡ್ ಸಿಗುತ್ತೆ, ಲೌಂಜ್ ಸಿಗುತ್ತೆ. ಅದರಿಂದ ಕಂಪನಿಗೇನು ನಷ್ಟ?’ ಅಂದರು. ನಿಯಮದ ಪ್ರಕಾರ ಅವರ ದರ್ಜೆಗೆ ವಿಮಾನಯಾನದ ಹಕ್ಕಿತ್ತು. ನಾನು ಬಿಲ್ಲು ಪಾಸ್ ಮಾಡಿದೆ. ಆ ರುಜು ಹಾಕಿದ್ದು ನನಗೆ ಇವತ್ತಿಗೂ ಸಮಾಧಾನ ಕೊಟ್ಟಿಲ್ಲ.

‘ಕಂಪನಿಗೇನು ನಷ್ಟ?’ ಎನ್ನುವ ಈ ಪ್ರಶ್ನೆ ನಮ್ಮ ಕಡೆಯ ಕಚೇರಿಗಳಲ್ಲಿ ಈಗ ಪ್ರಶ್ನೆಯಾಗಿ ಉಳಿದಿಲ್ಲ, ಎಲ್ಲರೂ ಒಪ್ಪಿದ ಮತವಾಗಿದೆ. ಮೊದಲ ಸಲ ಟೂರ್ ಹೊರಟ ಟ್ರೈನಿ ಹುಡುಗನಿಗೆ ಹಿರಿಯರು ಕಲಿಸುವ ಮೊದಲ ಪಾಠವೇ ಇದು: ಟಿಕೆಟ್ ಬುಕ್ ಮಾಡುವಾಗ ನಿನ್ನ ಮೆಂಬರ್‌ಶಿಪ್ ನಂಬರ್ ಹಾಕು, ಒಂದೇ ಏರ್‌ಲೈನ್ಸ್ ಹಿಡಿ, ಒಂದೇ ಹೋಟೆಲ್ ಸರಪಳಿ ಹಿಡಿ, ಬಿಲ್ಲನ್ನು ನಿನ್ನ ಕಾರ್ಡಿನಲ್ಲಿ ಕಟ್ಟಿ ಆಮೇಲೆ ಕ್ಲೇಮ್ ಮಾಡು, ವರ್ಷದ ಕೊನೆಗೆ ಸೇರಿದ ಪಾಯಿಂಟ್ಸಿನಲ್ಲಿ ಹೆಂಡತಿ ಮಕ್ಕಳ ಜತೆ ಪುಕ್ಕಟೆಯಾಗಿ ಗೋವಾಕ್ಕೆ ಹೋಗಿ ಬಾ. ಪಾಯಿಂಟ್ಸ್ ಬಿಟ್ಟವನು ದಡ್ಡ, ಕೂಡಿಸಿದವನು ಜಾಣ. ಇದನ್ನು ಯಾರೂ ತಪ್ಪು ಎನ್ನುವುದಿಲ್ಲ. ತಪ್ಪಾಗಿರಬಹುದೇ ಎಂಬ ಅನುಮಾನವನ್ನು ಬಾಯಿಬಿಟ್ಟು ಹೇಳುವವನೂ ಕಾಣುವುದಿಲ್ಲ.

ನಾನು ಹೇಳುತ್ತೇನೆ, ಇದು ತಪ್ಪು. ಕಂಪನಿಯ ದುಡ್ಡಿನಲ್ಲಿ ಕೊಂಡ ಟಿಕೆಟ್ಟಿಗೆ ಬಂದ ಪಾಯಿಂಟ್ಸ್ ಕಂಪನಿಯದು. ಕೊಸರು ಸೇರಬೇಕಾದ್ದು ದುಡ್ಡು ಕೊಟ್ಟವರ ಚೀಲಕ್ಕೆ. ಹೇಳದೆ ಕೇಳದೆ ಅದನ್ನು ತನ್ನದು ಮಾಡಿಕೊಳ್ಳುವುದಕ್ಕೆ ‘ರಿವಾರ್ಡ್’ ಎಂದು ಎಷ್ಟು ನಯವಾದ ಹೆಸರಿಟ್ಟರೂ ಅದು ಕಮಿಷನ್ನೇ. ಸ್ವಂತ ದುಡ್ಡಿನಲ್ಲಿ ಹಾರುವವರ ಬಗ್ಗೆ, ಸ್ವಂತ ಸಣ್ಣ ಘಟಕ ನಡೆಸುತ್ತಾ ತನ್ನ ಟಿಕೆಟ್ಟನ್ನು ತಾನೇ ಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ. ಅವರ ದುಡ್ಡು, ಅವರ ಕೊಸರು. ನನ್ನ ವಾದ ಇನ್ನೊಬ್ಬರ ದುಡ್ಡನ್ನು ಖರ್ಚು ಮಾಡುವವರ ಜತೆ. ಅವರು ಹೇಳುವ ಒಂದೊಂದು ಮಾತನ್ನೂ ತೆಗೆದುಕೊಂಡು ಉತ್ತರಿಸುತ್ತೇನೆ.

ಮೊದಲನೆಯ ಮಾತು: ಯಾರಿಗೂ ನಷ್ಟವಿಲ್ಲ, ಏರ್‌ಲೈನ್ಸಿನವರು ತಮ್ಮ ಕೈಯಿಂದ ಕೊಡುತ್ತಾರೆ.

ಬೆಲ್ಲದ ಅಂಗಡಿಯವನೂ ತನ್ನ ಕೈಯಿಂದಲೇ ಕೊಡುತ್ತಿದ್ದ. ಆದರೆ ಆ ಬೆಲ್ಲದ ಬೆಲೆ ನಮ್ಮ ಹುರುಳಿಯ ಅಳತೆಯಲ್ಲಿ ಕಳೆದುಹೋಗಿತ್ತು. ವ್ಯಾಪಾರದಲ್ಲಿ ಪುಕ್ಕಟೆ ಎಂಬುದಿಲ್ಲ. ಪಾಯಿಂಟ್ಸಿನ ಖರ್ಚು ಟಿಕೆಟ್ಟಿನ ದರದೊಳಗೇ ಕೂತಿರುತ್ತದೆ, ಆ ದರವನ್ನು ಕಟ್ಟುವುದು ಕಂಪನಿ. ದುಡ್ಡು ಕೊಡುವವನೊಬ್ಬ, ಅಂಗಡಿ ಆರಿಸುವವನು ಇನ್ನೊಬ್ಬ ಆಗಿರುವಲ್ಲೆಲ್ಲ ಮಾರುವವನಿಗೆ ಒಂದು ಸುಲಭದ ದಾರಿ ಸಿಗುತ್ತದೆ. ದುಡ್ಡಿನ ಯಜಮಾನನಿಗೆ ದರ ಇಳಿಸುವ ಬದಲು, ಆರಿಸುವವನ ಬಾಯಿ ಸಿಹಿ ಮಾಡಿದರೆ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ.

ನಮ್ಮ ಸುಪ್ರೀಂ ಕೋರ್ಟ್ ಇದೇ ಗಂಟನ್ನು ಬೇರೊಂದು ರಂಗದಲ್ಲಿ ಬಿಡಿಸಿದೆ. ಏಪೆಕ್ಸ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಪ್ರಕರಣದಲ್ಲಿ 2022ರ ಫೆಬ್ರುವರಿ 22ರಂದು ಬಂದ ತೀರ್ಪು ಅದು. ವೈದ್ಯರಿಗೆ ಉಡುಗೊರೆ, ಪ್ರವಾಸ ಇತ್ಯಾದಿ ಕೊಟ್ಟ ಖರ್ಚನ್ನು ಕಂಪನಿ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂದು ಕೋರ್ಟ್ ಹೇಳಿತು. ಈ ಉಡುಗೊರೆಗಳು ಪುಕ್ಕಟೆಯಲ್ಲ, ಅವುಗಳ ಖರ್ಚು ಔಷಧದ ಬೆಲೆಗೆ ಸೇರಿ ಕೊನೆಗೆ ರೋಗಿಯ ತಲೆಯ ಮೇಲೆ ಬೀಳುತ್ತದೆ ಎಂಬುದನ್ನೂ ಗುರುತಿಸಿತು. ಚೀಟಿ ಬರೆಯುವವರು ವೈದ್ಯರು, ದುಡ್ಡು ಕೊಡುವವನು ರೋಗಿ. ವೈದ್ಯರಿಗೆ ಬಂದ ಉಡುಗೊರೆಯ ಸುದ್ದಿ ಓದಿ ನಮಗೆಲ್ಲ ಸಿಟ್ಟು ಬರುತ್ತದೆ, ಬರಬೇಕಾದ್ದೇ. ಆದರೆ ಟೂರ್ ಹೋಗುವ ಮ್ಯಾನೇಜರ್ ಕೂಡ ಚೀಟಿ ಬರೆಯುವವರೇ. ಅಲ್ಲಿ ತಪ್ಪಾದದ್ದು ಇಲ್ಲಿ ಜಾಣತನವಾಗುವುದು ಹೇಗೆ?

ನಷ್ಟ ಯಾರಿಗೆ ಎಂದು ಇನ್ನೂ ಹತ್ತಿರದಿಂದ ತೋರಿಸುತ್ತೇನೆ. ಹೊಸೂರಿನಲ್ಲಿ ದೊಡ್ಡ ಕಾರ್ಖಾನೆಗಳ ಸುತ್ತ ನೂರಾರು ಸಣ್ಣ ಘಟಕಗಳಿವೆ. ಟರ್ನಿಂಗ್, ಪ್ರೆಸ್ ವರ್ಕ್, ಪ್ಲೇಟಿಂಗ್ ಮಾಡಿಕೊಡುವ ಶೆಡ್ಡುಗಳು ಅವು. ವರ್ಷಕ್ಕೊಮ್ಮೆ ದರ ಇಳಿಸುವ ಮಾತುಕತೆ ನಡೆಯುತ್ತದೆ. ಒಂದು ಬುಷ್‌ಗೆ ಹತ್ತು ಪೈಸೆ ಇಳಿಸಿ, ಒಂದು ಬ್ರಾಕೆಟ್‌ಗೆ ಇಪ್ಪತ್ತು ಪೈಸೆ ಇಳಿಸಿ ಎಂದು ಕಂಪನಿಯವರು ಪಟ್ಟು ಹಿಡಿಯುತ್ತಾರೆ. ಶೆಡ್ಡಿನ ಯಜಮಾನ ತನ್ನ ಕರೆಂಟ್ ಬಿಲ್ಲು, ಹುಡುಗರ ಓವರ್‌ಟೈಮ್ ಲೆಕ್ಕ ಹಾಕುತ್ತಾ ಬೆವರುತ್ತಾನೆ. ಕೊಯಮತ್ತೂರಿನ ಆ ಒಂದು ವಿಮಾನ ಪ್ರಯಾಣಕ್ಕೆ ರೈಲಿಗಿಂತ ಹೆಚ್ಚಾದ ದುಡ್ಡನ್ನು ಹತ್ತು ಪೈಸೆಗಳಾಗಿ ಒಡೆದು ನೋಡಿ. ಎಷ್ಟು ಸಾವಿರ ಬುಷ್‌ಗಳ ಮೇಲಿನ ಚೌಕಾಸಿ ಒಂದು ಗೋಲ್ಡ್ ಕಾರ್ಡಿನಲ್ಲಿ ಕರಗಿಹೋಯಿತು ಎಂಬುದು ಗೊತ್ತಾಗುತ್ತದೆ. ಈ ಲೆಕ್ಕವನ್ನು ನಾನು ಎರಡೂ ಪುಟಗಳಲ್ಲಿ ಬರೆದವನು. ಅದಕ್ಕೇ ಯಾರಿಗೂ ನಷ್ಟವಿಲ್ಲ ಎಂಬ ಮಾತನ್ನು ಕೇಳಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಎರಡನೆಯ ಮಾತು: ಪಾಯಿಂಟ್ಸಿಗಾಗಿ ನಾನು ಟಿಕೆಟ್ ಆರಿಸುವುದಿಲ್ಲ, ಹೇಗೂ ಹೋಗಬೇಕಾದ ವಿಮಾನಕ್ಕೆ ಪಾಯಿಂಟ್ಸ್ ತಾನಾಗಿ ಬರುತ್ತದೆ.

ಕೆಲವರ ಮಟ್ಟಿಗೆ ಇದು ನಿಜವಿರಬಹುದು. ಎಲ್ಲರ ಮಟ್ಟಿಗೂ ನಿಜವಾಗಿದ್ದರೆ ಏರ್‌ಲೈನ್ಸುಗಳು ಈ ಯೋಜನೆಯನ್ನು ಎಂದೋ ಮುಚ್ಚಿರುತ್ತಿದ್ದವು. ಅಮೆರಿಕನ್ ಏರ್‌ಲೈನ್ಸ್ ತನ್ನ ‘ಅಡ್ವಾಂಟೇಜ್’ ಯೋಜನೆಯನ್ನು ಆರಂಭಿಸಿದ್ದು 1981ರ ಮೇ 1ರಂದು. ನಲವತ್ತು ವರ್ಷಕ್ಕೂ ಮೀರಿ ಈ ವ್ಯವಸ್ಥೆ ಬೆಳೆಯುತ್ತಲೇ ಬಂದಿದೆ. ಅದರ ನಿಜವಾದ ಬೆಲೆ ಜಗತ್ತಿಗೆ ಕಂಡಿದ್ದು ಕೊರೊನಾ ಕಾಲದಲ್ಲಿ. ವಿಮಾನಗಳೆಲ್ಲ ನೆಲ ಹಿಡಿದಿದ್ದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಪಾಯಿಂಟ್ಸ್ ಯೋಜನೆಯನ್ನೇ ಅಡವಿಟ್ಟು 2020ರಲ್ಲಿ 680 ಕೋಟಿ ಡಾಲರ್ ಎತ್ತಿತು. 2021ರ ಮಾರ್ಚಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಅದೇ ರೀತಿ 1,000 ಕೋಟಿ ಡಾಲರ್ ಸಾಲ ಪಡೆಯಿತು. ಯುನೈಟೆಡ್ ತನ್ನ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಆಗ ಷೇರು ಪೇಟೆಯಲ್ಲಿ ಇಡೀ ಕಂಪನಿಗಿದ್ದ ಬೆಲೆ ಅದಕ್ಕಿಂತ ಕಡಿಮೆ. ಇಡೀ ಕಂಪನಿಯ ಷೇರುಗಳಿಗಿಂತ ಹೆಚ್ಚು ಬೆಲೆಬಾಳುವ ಆ ಆಸ್ತಿ ಯಾವುದು? ಪ್ರಯಾಣಿಕನ ಮನಸ್ಸು ಬೇರೆ ಕಡೆ ತಿರುಗದಂತೆ ಹಿಡಿದಿಟ್ಟುಕೊಳ್ಳುವ ಶಕ್ತಿ. ಸಾಲ ಕೊಟ್ಟವರು ನಂಬಿ ದುಡ್ಡು ಹಾಕಿದ್ದು ಆ ಶಕ್ತಿಯ ಮೇಲೆ.

ನಮ್ಮ ದೇಶದ ಉದಾಹರಣೆಯೂ ಇದೆ. ಇಂಡಿಗೊ 2006ರಲ್ಲಿ ಹಾರಾಟ ಶುರುಮಾಡಿತು. ಕಡಿಮೆ ದರ, ಹೊತ್ತಿಗೆ ಸರಿಯಾದ ಹಾರಾಟ ಎಂಬ ಎರಡು ಮಾತುಗಳ ಮೇಲೆ ಬೆಳೆದು ದೇಶದ ಅತಿ ದೊಡ್ಡ ಏರ್‌ಲೈನ್ಸ್ ಆಯಿತು. ಹದಿನೆಂಟು ವರ್ಷ ಇಂಥ ಪಾಯಿಂಟ್ಸ್ ಯೋಜನೆ ಅದಕ್ಕೆ ಬೇಕಾಗಲಿಲ್ಲ. ‘ಬ್ಲೂಚಿಪ್’ ಎಂಬ ಯೋಜನೆಯನ್ನು ಅದು ಘೋಷಿಸಿದ್ದು 2024ರ ಆಗಸ್ಟ್‌ನಲ್ಲಿ, ಬಿಸಿನೆಸ್ ಕ್ಲಾಸ್ ಸೀಟುಗಳನ್ನು ಘೋಷಿಸಿದ ಹೊತ್ತಿನಲ್ಲೇ. ಸ್ವಂತ ದುಡ್ಡು ಕೊಟ್ಟು ಹಾರುವವನನ್ನು ಒಲಿಸಲು ದರ ಸಾಕು. ಕಂಪನಿಯ ದುಡ್ಡಿನಲ್ಲಿ ಹಾರುವವನನ್ನು ಒಲಿಸಲು ಬೆಲ್ಲ ಬೇಕು. ಈ ಎರಡು ಘೋಷಣೆಗಳು ಒಟ್ಟಿಗೆ ಬಂದದ್ದನ್ನು ನಾನು ಹೀಗೆ ಓದುತ್ತೇನೆ.

ಏಳು ವರ್ಷದ ನನಗೂ ನಾನು ಬೆಲ್ಲಕ್ಕಾಗಿ ಆ ಅಂಗಡಿಗೆ ಹೋಗುತ್ತಿದ್ದೇನೆ ಎನಿಸುತ್ತಿರಲಿಲ್ಲ. ಆ ಅಂಗಡಿ ಹತ್ತಿರ, ಅಲ್ಲಿ ಜನ ಕಡಿಮೆ, ಯಜಮಾನ ಬೇಗ ಕಟ್ಟಿಕೊಡುತ್ತಾನೆ ಎಂದು ಮನಸ್ಸು ಕಾರಣಗಳನ್ನು ಹೊಂದಿಸಿಕೊಳ್ಳುತ್ತಿತ್ತು. ದೊಡ್ಡವರ ಮನಸ್ಸೂ ಹಾಗೆಯೇ ಹೊಂದಿಸಿಕೊಳ್ಳುತ್ತದೆ. ಟೂರ್ ಬಿಲ್ಲಿನ ಜತೆ ಬರುವ ಟಿಪ್ಪಣಿಗಳಲ್ಲಿ ನಾನು ಆ ಕಾರಣಗಳನ್ನು ವರ್ಷಗಟ್ಟಲೆ ಓದಿದ್ದೇನೆ. ‘ಟೈಮಿಂಗ್ ಹೊಂದಲಿಲ್ಲ’, ‘ಮೀಟಿಂಗ್ ಬೇಗ ಇತ್ತು’, ‘ಆ ಹೋಟೆಲ್ ಸೈಟಿಗೆ ಹತ್ತಿರ’. ಬರೆದವರು ಸುಳ್ಳು ಬರೆದರು ಎಂದು ನಾನು ಹೇಳುವುದಿಲ್ಲ. ತಮಗೆ ಲಾಭವಿರುವ ಕಡೆಗೇ ಕಾರಣಗಳು ಯಾಕೆ ಸಾಲುಗಟ್ಟುತ್ತವೆ ಎಂದು ಅವರು ಒಂದು ಸಲವೂ ತಮ್ಮನ್ನು ಕೇಳಿಕೊಳ್ಳಲಿಲ್ಲ, ಅಷ್ಟೇ.

ಮೂರನೆಯ ಮಾತು: ಪಾಯಿಂಟ್ಸ್ ಪ್ರಯಾಣಿಕನ ಹೆಸರಿಗೇ ಸೇರಬೇಕು ಎಂದು ಏರ್‌ಲೈನ್ಸಿನ ನಿಯಮವೇ ಹೇಳುತ್ತದೆ.

ಹೇಳುತ್ತದೆ, ಖಂಡಿತ. ಬೆಲ್ಲವನ್ನು ಮಗುವಿನ ಕೈಗೇ ಕೊಡಬೇಕು ಎಂಬುದು ಅಂಗಡಿಯವನ ನಿಯಮ. ನಮ್ಮ ಮನೆಯ ದುಡ್ಡಿಗೆ ಅದು ನಿಯಮವಾಗುವುದು ಹೇಗೆ? ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಒಂದು ಪ್ರಶ್ನೆ, ಅದರಲ್ಲಿರುವುದು ಯಾರಿಗೆ ಸಲ್ಲಬೇಕು ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಗೆ ಭಾರತ ಸರ್ಕಾರ ತನ್ನ ನೌಕರರ ಮಟ್ಟಿಗೆ ಸ್ಪಷ್ಟ ಉತ್ತರ ಕೊಟ್ಟಾಗಿದೆ. ಏಳನೇ ವೇತನ ಆಯೋಗದ ನಂತರ, 2017ರ ಜುಲೈಯಲ್ಲಿ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ ಹೊರಡಿಸಿದ ಪ್ರಯಾಣ ಭತ್ಯೆಯ ಆದೇಶವನ್ನು ಓದಿ. ಅಧಿಕೃತ ಪ್ರಯಾಣದ ಟಿಕೆಟ್ಟಿನಿಂದ ಬಂದ ಮೈಲೇಜ್ ಪಾಯಿಂಟ್ಸನ್ನು ಆಯಾ ಇಲಾಖೆ ತನ್ನ ಅಧಿಕಾರಿಗಳ ಮುಂದಿನ ಅಧಿಕೃತ ಪ್ರಯಾಣಕ್ಕೇ ಬಳಸಬೇಕು. ಯಾವ ಅಧಿಕಾರಿಯಾದರೂ ಅದನ್ನು ಖಾಸಗಿ ಪ್ರಯಾಣಕ್ಕೆ ಬಳಸಿದರೆ ಇಲಾಖಾ ಕ್ರಮ ಎದುರಿಸಬೇಕು. 2022ರ ಜೂನ್‌ನಲ್ಲಿ ಅದೇ ಇಲಾಖೆ, ಟಿಕೆಟ್ಟನ್ನು 21 ದಿನ ಮುಂಚೆ ಬುಕ್ ಮಾಡಬೇಕು, ಇದ್ದುದರಲ್ಲಿ ಕಡಿಮೆ ದರವನ್ನೇ ಆರಿಸಬೇಕು ಎಂದೂ ಸೂಚಿಸಿತು. ಸರ್ಕಾರಿ ಕಚೇರಿಯೆಂದರೆ ಪೋಲು, ಖಾಸಗಿ ಕಾರ್ಖಾನೆಯೆಂದರೆ ಶಿಸ್ತು ಎಂದು ಹೇಳಿಕೊಳ್ಳುವ ನಾವು ಈ ಒಂದು ವಿಷಯದಲ್ಲಿ ಸರ್ಕಾರದಿಂದ ಕಲಿಯಬೇಕಾಗಿದೆ.

ಜರ್ಮನಿಯಲ್ಲಿ ಈ ವಿಷಯ ಬೀದಿಗೇ ಬಂತು. ಸಂಸತ್ ಸದಸ್ಯರಾಗಿ ಅಧಿಕೃತ ಪ್ರಯಾಣದಲ್ಲಿ ಗಳಿಸಿದ ಮೈಲುಗಳನ್ನು ಖಾಸಗಿಯಾಗಿ ಬಳಸಿದ್ದು ಬಯಲಾಗಿ, ಗ್ರೆಗೋರ್ ಗೀಸಿ 2002ರ ಜುಲೈ ಕೊನೆಯಲ್ಲಿ ಬರ್ಲಿನ್ ರಾಜ್ಯ ಸರ್ಕಾರದ ಆರ್ಥಿಕ ವ್ಯವಹಾರಗಳ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷದ ಮೇಲೆ, 2006ರಲ್ಲಿ, ಆ ದೇಶದ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ ಖಾಸಗಿ ಕಂಪನಿಗಳ ವಿಷಯದಲ್ಲೂ ತೀರ್ಪಿತ್ತಿತು: ಮಾಲೀಕ ದುಡ್ಡು ಕೊಟ್ಟ ಪ್ರಯಾಣದ ಮೈಲುಗಳನ್ನು ಕಂಪನಿಯ ಕೆಲಸಕ್ಕೇ ಬಳಸು ಎಂದು ಕೇಳುವ ಹಕ್ಕು ಮಾಲೀಕನಿಗಿದೆ. ಅಮೆರಿಕದ ದಾರಿ ಬೇರೆ. ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಇಂಥ ಪಾಯಿಂಟ್ಸ್ ಇಟ್ಟುಕೊಳ್ಳಬಹುದು ಎಂದು 2001ರ ಕೊನೆಯಲ್ಲಿ ಕಾನೂನೇ ಬಂತು. ನನ್ನ ವಿರುದ್ಧ ವಾದಿಸುವವರು ಇದನ್ನು ಎತ್ತಿ ಹೇಳುತ್ತಾರೆ. ನಾನು ಅದಕ್ಕೆ ಹೇಳುವುದು ಇಷ್ಟೇ: ಅಮೆರಿಕ ಬಿಟ್ಟುಕೊಟ್ಟಿತು, ಆದರೆ ಬಹಿರಂಗವಾಗಿ ಚರ್ಚಿಸಿ, ಮತ ಹಾಕಿ, ಕಾನೂನು ಬರೆದು ಬಿಟ್ಟುಕೊಟ್ಟಿತು. ದುಡ್ಡಿನ ಯಜಮಾನ ತಾನೇ ಕೊಟ್ಟರೆ ಅದು ಕೊಡುಗೆ. ನಮ್ಮ ಕಾರ್ಖಾನೆಗಳಲ್ಲಿ ಯಾರು ಕೊಟ್ಟರು? ಯಾವ ಸಭೆಯಲ್ಲಿ, ಯಾವ ಸುತ್ತೋಲೆಯಲ್ಲಿ?

ನಾಲ್ಕನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು: ಟೂರ್ ಎಂದರೆ ಕಷ್ಟ, ಆ ಕಷ್ಟಕ್ಕೆ ಇದು ಪರಿಹಾರ.

ಕಷ್ಟ ಎಂಬುದನ್ನು ನಾನು ಒಪ್ಪುತ್ತೇನೆ. ಹೊಸೂರಿನವರಿಗೆ ಅದು ಬೆಂಗಳೂರಿನವರಿಗಿಂತ ಹೆಚ್ಚು. ಬೆಳಗ್ಗೆ ಆರೂವರೆಯ ಪುಣೆ ವಿಮಾನಕ್ಕೆ ರಾತ್ರಿ ಎರಡು ಗಂಟೆಗೆ ಏಳಬೇಕು. ಮಕ್ಕಳು ಮಲಗಿರುತ್ತಾರೆ. ಜೂಜುವಾಡಿ ಗಡಿಯಲ್ಲಿ ಲಾರಿಗಳ ಸಾಲು. ವಾಪಸು ಬರುವಾಗ ರಾತ್ರಿ ಹನ್ನೊಂದಕ್ಕೆ ಇಳಿದರೆ ಮನೆ ಸೇರುವುದು ಎರಡಕ್ಕೆ, ಬೆಳಗ್ಗೆ ಎಂಟೂವರೆಗೆ ಮತ್ತೆ ಪಂಚ್. ಸಕ್ಕರೆ ಕಾಯಿಲೆ, ಬೆನ್ನುನೋವು, ಮಗಳ ಶಾಲೆಯ ವಾರ್ಷಿಕೋತ್ಸವ ತಪ್ಪಿದ ಬೇಸರ, ಇವೆಲ್ಲ ನಿಜ. ಇದಕ್ಕೆ ಪರಿಹಾರ ಬೇಕೇಬೇಕು. ಆದರೆ ಆ ಪರಿಹಾರವನ್ನು ಕೊಡಬೇಕಾದವರು ಯಾರು? ಕೆಲಸ ಮಾಡಿಸಿಕೊಂಡ ಕಂಪನಿ. ಟಿಕೆಟ್ ಮಾರಿದ ಏರ್‌ಲೈನ್ಸ್ ಅಲ್ಲ.

ಅವತ್ತು ಸಂಜೆ ಅಮ್ಮ ನನಗೆ ಹೊಡೆಯಲಿಲ್ಲ. ಪಡಿಯನ್ನು ಕೆಳಗಿಟ್ಟು, ‘ಬೆಲ್ಲ ಬೇಕಿದ್ರೆ ನನ್ನ ಕೇಳು ಮಗ, ನಾನು ಕೊಡ್ತೀನಿ. ಅಂಗಡಿಯೋನ ಕೈಯಿಂದ ಇಸ್ಕೋಬೇಡ’ ಅಂದಳು. ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಕೊಟ್ಟಳು. ಮರುದಿನದಿಂದ ಅಂಗಡಿಗೆ ಕಳಿಸುವಾಗಲೆಲ್ಲ ಕೊಟ್ಟಳು. ಅಷ್ಟು ದೂರ ನಡೆದು ಹೊತ್ತು ತರುವುದು ಮಗುವಿಗೆ ಶ್ರಮ ಎಂಬುದು ಅವಳಿಗೆ ಗೊತ್ತಾಯಿತು. ಆ ಶ್ರಮದ ಬೆಲೆಯನ್ನು ತನ್ನ ಡಬ್ಬಿಯಿಂದಲೇ ಕೊಡಬೇಕು ಎಂಬುದೂ ಗೊತ್ತಾಯಿತು.

ಪಾಯಿಂಟ್ಸ್ ಕಷ್ಟಕ್ಕೆ ಪರಿಹಾರ ಎನ್ನುವವರು ಇನ್ನೊಂದನ್ನೂ ನೋಡಬೇಕು. ಅದು ಕಷ್ಟವನ್ನು ಅಳೆಯುವುದೇ ಇಲ್ಲ, ಟಿಕೆಟ್ಟಿನ ಬೆಲೆಯನ್ನು ಅಳೆಯುತ್ತದೆ. ಮೆಷಿನ್ ಕೆಟ್ಟಿದೆ ಎಂದು ಫೋನು ಬಂದರೆ ಸರ್ವಿಸ್ ಫಿಟ್ಟರ್ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಹತ್ತಕ್ಕೆ ಚೆನ್ನೈ ಬಸ್ಸು ಹತ್ತುತ್ತಾನೆ. ಕೃಷ್ಣಗಿರಿ, ವಾಣಿಯಂಬಾಡಿ, ವೆಲ್ಲೂರು ದಾಟಿ ಸುಮಾರು ಮುನ್ನೂರು ಕಿಲೋಮೀಟರ್ ಕೂತೇ ಹೋಗಿ, ಮುಖ ತೊಳೆದು, ಎಣ್ಣೆ ಮೆತ್ತಿದ ಟೂಲ್ ಕಿಟ್ ಬಿಚ್ಚುತ್ತಾನೆ. ಅವನಿಗೆ ಒಂದು ಪಾಯಿಂಟೂ ಇಲ್ಲ. ಮ್ಯಾನೇಜರನ್ನು ದೇವನಹಳ್ಳಿಗೆ ಬಿಟ್ಟು, ವಾಪಸಿನ ಬಾಡಿಗೆಗಾಗಿ ಕಾರಿನ ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗುವ ಡ್ರೈವರ್‌ಗೂ ಇಲ್ಲ. ಹೆಚ್ಚು ಸುಖದಲ್ಲಿ ಹೋದವನಿಗೆ ಹೆಚ್ಚು, ಹೆಚ್ಚು ಕಷ್ಟದಲ್ಲಿ ಹೋದವನಿಗೆ ಸೊನ್ನೆ. ಇದನ್ನು ಪರಿಹಾರ ಎಂದು ಕರೆಯಲು ನನ್ನ ಲೆಕ್ಕಪುಸ್ತಕದಲ್ಲಿ ಜಾಗವಿಲ್ಲ.

ಐದನೆಯ ಮಾತು: ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇಕೆ?

ಸಣ್ಣದು ಎಂದು ಬಿಡುವ ಅಭ್ಯಾಸ ನಮ್ಮ ಕಾರ್ಖಾನೆಗಳಲ್ಲಿ ಬೇರೆ ಯಾರ ವಿಷಯದಲ್ಲೂ ಇಲ್ಲ. ಪರ್ಚೇಸ್ ವಿಭಾಗದ ಹುಡುಗ ಉಕ್ಕು ಪೂರೈಸುವ ವೆಂಡರ್‌ನಿಂದ ದೀಪಾವಳಿಗೆ ಒಂದು ವಾಚು ತೆಗೆದುಕೊಂಡರೆ ವಿಚಾರಣೆ. ಗೇಟಿನಲ್ಲಿ ಕಾರ್ಮಿಕನ ಊಟದ ಡಬ್ಬಿ ಬಿಚ್ಚಿ ನೋಡುತ್ತಾರೆ. ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟು ತೂಗಿ ಲೆಕ್ಕ ಹಿಡಿಯುತ್ತಾರೆ. ಐದು ನಿಮಿಷ ತಡವಾಗಿ ಪಂಚ್ ಮಾಡಿದವನ ಸಂಬಳದಲ್ಲಿ ಕಡಿತ. ಪೂರೈಕೆದಾರ ಕೊಟ್ಟ ವಾಚಿಗೂ ಏರ್‌ಲೈನ್ಸ್ ಎಂಬ ಪೂರೈಕೆದಾರ ಕೊಟ್ಟ ಅಪ್‌ಗ್ರೇಡಿಗೂ ಏನು ವ್ಯತ್ಯಾಸ? ಕಂಪನಿಯ ದುಡ್ಡನ್ನು ತಮ್ಮ ಕಡೆ ತಿರುಗಿಸಿದ್ದಕ್ಕೆ ಇಬ್ಬರೂ ಕೊಟ್ಟದ್ದೇ. ಒಂದು ಮುಚ್ಚಿಟ್ಟು ತೆಗೆದುಕೊಂಡದ್ದು, ಇನ್ನೊಂದು ಆ್ಯಪಿನಲ್ಲಿ ಬಣ್ಣಬಣ್ಣವಾಗಿ ಬಂದದ್ದು. ಕೆಳಗಿನವರಿಗೆ ಒಂದು ನೀತಿ, ಹಾರುವವರಿಗೆ ಇನ್ನೊಂದು ನೀತಿ ಎಂದು ಒಂದು ಸಲ ಕಂಡುಬಿಟ್ಟರೆ ಗೇಟಿನಲ್ಲಿ ಡಬ್ಬಿ ಬಿಚ್ಚಿ ತೋರಿಸುವವನ ಮನಸ್ಸಿನಲ್ಲಿ ಏನು ಉಳಿಯುತ್ತದೆ? ನಾನು ಆ ಸಾಲಿನಲ್ಲಿ ನಿಂತವರ ಮುಖ ನೋಡಿದ್ದೇನೆ. ಅದು ಸಣ್ಣ ವಿಷಯವಲ್ಲ.

ಪಾಯಿಂಟ್ಸ್ ಕೂಡಿಟ್ಟವರಿಗೂ ಒಂದು ಮಾತು. ಇದು ನೀವು ಅಂದುಕೊಂಡಷ್ಟು ಗಟ್ಟಿಯಾದ ಆಸ್ತಿಯೂ ಅಲ್ಲ. ಪಾಯಿಂಟ್ಸ್ ಎಂದರೆ ಏರ್‌ಲೈನ್ಸ್ ನಿಮಗೆ ಬರೆದುಕೊಟ್ಟ ಕೈಸಾಲದ ಚೀಟಿ. ಅದರ ಬೆಲೆ ಎಷ್ಟು ಎಂದು ದಿನದಿನಕ್ಕೆ ತೀರ್ಮಾನಿಸುವವರೂ ಅವರೇ. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಲ್ಲಿಸಿತು. ಆ ವಿಮಾನಗಳಿಗೆಂದು ವರ್ಷಗಟ್ಟಲೆ ಅಡ್ಡದಾರಿ ಹಿಡಿದು ಕಾರ್ಡಿನ ಬಣ್ಣ ಬದಲಿಸಿಕೊಂಡವರ ಕೈಯಲ್ಲಿ ಉಳಿದದ್ದು ಹಾರದ ವಿಮಾನದ ಕಾರ್ಡು.

ಹಾಗಾದರೆ ಏನು ಮಾಡಬೇಕು? ನಾನು ಅಕೌಂಟ್ಸಿನವನು, ಕೊನೆಗೆ ಒಂದು ನಿಯಮವನ್ನೇ ಬರೆಯಬಲ್ಲೆ. ಪ್ರತಿ ಕಂಪನಿಯ ಟೂರ್ ನಿಯಮದಲ್ಲಿ ಈ ಸಾಲು ಬರಲಿ: ಕಂಪನಿ ಕಟ್ಟಿದ ಟಿಕೆಟ್ಟು, ಹೋಟೆಲ್ಲಿನಿಂದ ಬಂದ ಪಾಯಿಂಟ್ಸನ್ನು ನೌಕರ ವರ್ಷಕ್ಕೊಮ್ಮೆ ಬರೆದು ಕೊಡಬೇಕು, ಅದನ್ನು ಕಂಪನಿಯ ಮುಂದಿನ ಪ್ರಯಾಣಕ್ಕೇ ಬಳಸಬೇಕು. ಅದರ ಕೆಳಗೇ ಇನ್ನೊಂದು ಸಾಲು ಬರಲಿ: ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರ ನಡುವೆ ಪ್ರಯಾಣ ಮಾಡಿದವರಿಗೆ, ಮ್ಯಾನೇಜರ್ ಆಗಲಿ ಫಿಟ್ಟರ್ ಆಗಲಿ, ಒಂದೇ ದರದ ಭತ್ಯೆ ಮತ್ತು ಮರುದಿನ ಅರ್ಧ ದಿನ ರಜೆ. ಮೊದಲ ಸಾಲನ್ನು ಬರೆದು ಎರಡನೆಯದನ್ನು ಬಿಟ್ಟರೆ ಅದು ಅನ್ಯಾಯ. ಅಮ್ಮ ಅಂಗಡಿಯ ಬೆಲ್ಲವನ್ನು ಬಿಡಿಸಿದ್ದು ತನ್ನ ಡಬ್ಬಿ ತೆರೆದ ಮೇಲೆ. ಮತ್ತೊಂದು: ಟ್ರಾವೆಲ್ ಡೆಸ್ಕ್ ಪ್ರತಿ ಟಿಕೆಟ್ಟಿನ ಜತೆ ರೈಲು, ಬಸ್ಸಿನ ದರ ಮತ್ತು ಹೊತ್ತನ್ನೂ ಬರೆದು ಇಡಲಿ. ಕೊಯಮತ್ತೂರಿಗೆ, ಸೇಲಂಗೆ, ಈರೋಡಿಗೆ ಹೋಗುವವರ ಕಣ್ಣಿಗೆ ಹೊಸೂರು ಸ್ಟೇಷನ್ ಬೀಳಲಿ.

ಹೀಗೆ ಒಂದೆಡೆ ಸೇರಿದ ಪಾಯಿಂಟ್ಸ್ ಎಷ್ಟು ದೂರ ಹೋಗಬಲ್ಲದು ಎಂಬುದನ್ನೂ ಹೇಳುತ್ತೇನೆ. ಸಿಪ್ಕಾಟ್‌ನ ಕಾರ್ಖಾನೆಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್‌ನ ಹುಡುಗರು ತುಂಬ ಜನ. ಒಂದು ಮಧ್ಯಾಹ್ನ ಒಡಿಶಾದ ಹುಡುಗನೊಬ್ಬ ಅಡ್ವಾನ್ಸ್ ಕೇಳಿಕೊಂಡು ನನ್ನ ಟೇಬಲ್ಲಿನ ಮುಂದೆ ನಿಂತ. ಊರಲ್ಲಿ ತಂದೆ ತೀರಿಕೊಂಡಿದ್ದರು. ವೋಚರ್ ಬರೆದು ದುಡ್ಡು ಕೊಟ್ಟೆ. ರೈಲಿನಲ್ಲಿ ನಿಂತುಕೊಂಡೇ ಹೋದ. ಅವನು ಮನೆ ಸೇರಿದ್ದು ಮೂರನೆಯ ದಿನ, ಮಣ್ಣಾಗಿ ಎರಡು ದಿನವಾಗಿತ್ತು. ಪಾಯಿಂಟ್ಸಿನಲ್ಲಿ ಬೇರೆಯವರ ಹೆಸರಿಗೂ ಟಿಕೆಟ್ ತೆಗೆಯಲು ಹೆಚ್ಚಿನ ಯೋಜನೆಗಳಲ್ಲಿ ಅವಕಾಶವಿದೆ. ಆ ದಿನ ನಮ್ಮ ಕಾರ್ಖಾನೆಯವರ ಫೋನುಗಳಲ್ಲಿ ಅವನನ್ನು ಭುವನೇಶ್ವರಕ್ಕೆ ಕಳಿಸುವಷ್ಟು ಪಾಯಿಂಟ್ಸ್ ಇದ್ದೇ ಇತ್ತು. ಕೊಡಲಾರದಷ್ಟು ಕೆಟ್ಟವರು ಅಲ್ಲಿ ಯಾರೂ ಇರಲಿಲ್ಲ. ಅದು ಕಂಪನಿಯ ದುಡ್ಡಿನ ಕೊಸರು, ಎಲ್ಲರಿಗೂ ಸೇರಿದ್ದು ಎಂಬ ಯೋಚನೆಯೇ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ.

ಹೊಸೂರಿಗೆ ವಿಮಾನ ನಿಲ್ದಾಣ ಬರುತ್ತದೆ ಎಂದು ಈಗ ಎಲ್ಲೆಡೆ ಮಾತು. 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗಾಗಿ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಮುಖ್ಯಮಂತ್ರಿ 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಘೋಷಿಸಿದರು. ದೇವನಹಳ್ಳಿಯ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಬರಬಾರದು ಎಂಬ ಒಪ್ಪಂದದ ಷರತ್ತು 2033ರವರೆಗೆ ಇದೆ. ನಿಲ್ದಾಣ ಯಾವಾಗಲೇ ಬರಲಿ, ಬಂದ ಮೇಲೆ ನಮ್ಮೂರಿನಿಂದ ಹಾರುವವರು ಹೆಚ್ಚುತ್ತಾರೆ, ಬೆಲ್ಲ ಹಂಚುವವರೂ ಹೆಚ್ಚುತ್ತಾರೆ. ರನ್‌ವೇಗೆ ಮುಂಚೆ ನಿಯಮ ಬರೆಯುವುದು ಸುಲಭ.

ಟೂರ್ ಹೊರಡುವ ಗೆಳೆಯರಲ್ಲಿ ನನ್ನ ವಿನಂತಿ ಒಂದೇ. ನಿಮ್ಮ ಕಷ್ಟಕ್ಕೆ ಬೆಲೆ ಬೇಕೆಂದು ಕಂಪನಿಯನ್ನು ಎದ್ದು ನಿಂತು ಕೇಳಿ. ಕೇಳುವ ಹಕ್ಕು ನಿಮಗಿದೆ, ನಿಮ್ಮ ಜತೆ ಫಿಟ್ಟರ್‌ಗೂ ಡ್ರೈವರ್‌ಗೂ ಕೇಳಿ. ಕಂಪನಿ ಕೊಟ್ಟದ್ದನ್ನು ತಲೆಯೆತ್ತಿ ತೆಗೆದುಕೊಳ್ಳಿ. ಅಂಗಡಿಯವನು ಚಾಚಿದ ಕೈಯಿಂದ ಮಾತ್ರ ಇಸಿದುಕೊಳ್ಳಬೇಡಿ.